ಯಾರ್ಡಿನಾಚೆ ಹೋಗದ ಎಂಜಿನ್ನಿಗೂ ಚರಿತ್ರೆಯುಂಟು

ಹಂಗಾರಕಟ್ಟೆಯ ಧಕ್ಕೆಯವರೆಗೆ ರೈಲು ಹಳಿ ಯಾವತ್ತೂ ಬಂದದ್ದಿಲ್ಲ. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಈ ಅಳಿವೆಯಿಂದ ಹಂಚು ಹೇರಿಕೊಂಡು ಮಂಜಿ ಹಡಗುಗಳು ಹೊರಡುತ್ತಿದ್ದ ಕಾಲದಲ್ಲಿ ಸರಕು ದಡಕ್ಕೆ ಬರುತ್ತಿದ್ದುದು ದೋಣಿಯಲ್ಲಿ, ಎತ್ತಿನ ಗಾಡಿಯಲ್ಲಿ, ಕೊನೆಗೆ ಆಳುಗಳ ತಲೆಯ ಮೇಲೆ. ಹತ್ತಿರದ ಬಾರ್ಕೂರಿಗೆ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯ ಜತೆಗೆ. ಮಂಗಳೂರು–ಉಡುಪಿ ನಡುವೆ ಮೊದಲ ಪ್ರಯಾಣಿಕ ರೈಲು ಓಡಿದ್ದು 1993ರ ಮಾರ್ಚ್ 20ರಂದು. ಇಡೀ ಮಾರ್ಗ ತೆರೆದದ್ದು 1998ರಲ್ಲಿ. ಅಷ್ಟರೊಳಗೆ ನಮ್ಮ ಸಣ್ಣ ಬಂದರುಗಳ ವ್ಯಾಪಾರ ಲಾರಿಗಳ ಪಾಲಾಗಿತ್ತು. ಹಾಗಾಗಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ನಮಗೆಲ್ಲ ರೈಲು ಎಂದರೆ ದೂರದಿಂದ ಬಂದು, ಎರಡು ನಿಮಿಷ ನಿಂತು, ದೂರಕ್ಕೆ ಹೋಗುವಂಥದ್ದು. ಬಾರ್ಕೂರು, ಸೇನಾಪುರ, ಬಿಜೂರಿನಂಥ ನಿಲ್ದಾಣಗಳಲ್ಲಿ ನಿಂತು ನೋಡಿದವರಿಗೆ ರೈಲಿನ ಇನ್ನೊಂದು ಮುಖ ಕಾಣುವುದೇ ಇಲ್ಲ.

ಆ ಮುಖವನ್ನು ನೋಡಬೇಕಾದರೆ ಪಣಂಬೂರಿನ ಕಡೆಗೆ ಹೋಗಬೇಕು. ನವಮಂಗಳೂರು ಬಂದರಿಗೆ ಪ್ರಮುಖ ಬಂದರಿನ ದರ್ಜೆ ಸಿಕ್ಕಿದ್ದು 1974ರ ಮೇ ತಿಂಗಳಲ್ಲಿ. ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದ್ದು 1975ರ ಜನವರಿಯಲ್ಲಿ. ಅಲ್ಲಿ ಹಡಗಿನಿಂದ ಇಳಿದ ಕಲ್ಲಿದ್ದಲು ರೈಲಿನ ಮೂಲಕ ಎಲ್ಲೂರಿನ ವಿದ್ಯುತ್ ಸ್ಥಾವರಕ್ಕೆ ಬರುತ್ತದೆ ಎಂಬುದು ಉಡುಪಿ ಜಿಲ್ಲೆಯವರಿಗೆ ಗೊತ್ತು. ಆದರೆ ಬಂದರಿನೊಳಗೆ ಆ ವ್ಯಾಗನ್ನುಗಳನ್ನು ಲೋಡಿಂಗ್ ಜಾಗಕ್ಕೆ ತಳ್ಳುವವರು ಯಾರು? ತುಂಬಿದ್ದನ್ನು ಬೇರೆ ಲೈನಿಗೆ ಎಳೆಯುವವರು, ಕೆಟ್ಟ ವ್ಯಾಗನ್ ಒಂದನ್ನು ನಡುವಿನಿಂದ ಬಿಡಿಸಿ ಬದಿಗೆ ಹಾಕುವವರು, ಉಳಿದದ್ದನ್ನು ಮತ್ತೆ ಜೋಡಿಸಿ ಹೊರಡುವ ಎಂಜಿನ್ನಿಗೆ ಒಪ್ಪಿಸುವವರು ಯಾರು? ಈ ಕೆಲಸಕ್ಕೆ ಶಂಟಿಂಗ್ ಎನ್ನುತ್ತಾರೆ. ಅದಕ್ಕೆಂದೇ ಕಟ್ಟಿದ ಎಂಜಿನ್ನುಗಳು ಇದ್ದವು, ಕೆಲವು ಈಗಲೂ ಇವೆ. ಹಡಗನ್ನು ಧಕ್ಕೆಗೆ ತಂದು ನಿಲ್ಲಿಸುವ ಟಗ್ ದೋಣಿ ಸಮುದ್ರಯಾನ ಮಾಡುವುದಿಲ್ಲವಲ್ಲ, ಹಾಗೆಯೇ ಶಂಟಿಂಗ್ ಎಂಜಿನ್ ಯಾರ್ಡು ಬಿಟ್ಟು ಹೋಗುವುದಿಲ್ಲ. ಅದಿಲ್ಲದೆ ಮಾತ್ರ ಎಷ್ಟೋ ರೈಲುಗಳು ಹೊರಡವು.

ಊರು ಬಿಟ್ಟು ಹೋಗದವನ ಕಥೆ ಬರೆಯುವವರು ಕಡಿಮೆ. ರೈಲ್ವೆ ಚರಿತ್ರೆಯ ಪುಸ್ತಕಗಳಲ್ಲಿ ಉಗಿಬಂಡಿಗಳಿಗೆ, ಮೇಲ್ ಗಾಡಿಗಳಿಗೆ, ಸೇತುವೆ ಸುರಂಗಗಳಿಗೆ ಅಧ್ಯಾಯಗಳಿವೆ. ಹಳೆಯ ಡೀಸೆಲ್ ಶಂಟಿಂಗ್ ಎಂಜಿನ್ನಿಗೆ ಸಿಗುವುದು ಒಂದು ಕೋಷ್ಟಕದ ಒಂದು ಸಾಲು. ಅದು ಎಲ್ಲಿ ಹುಟ್ಟಿತು, ಯಾವ ಯಾರ್ಡಿನಲ್ಲಿ ಎಷ್ಟು ವರ್ಷ ದುಡಿಯಿತು, ಯಾರ ಕೈಯಲ್ಲಿ ಓಡಿತು, ಎಂದು ಗುಜರಿಗೆ ಹೋಯಿತು ಎಂದು ತಿಳಿಯಬೇಕಾದರೆ ನಾವೇ ಹುಡುಕಬೇಕು. ಹುಡುಕಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ. ತಾಳ್ಮೆ ಇದ್ದು ಯಾವ ಸಾಕ್ಷ್ಯವನ್ನು ಎಷ್ಟು ನಂಬಬೇಕೆಂಬ ವಿವೇಕವಿದ್ದರೆ ಸಾಕು. ಈ ಬರಹ ಅಂಥ ಹುಡುಕಾಟದ ಬಗೆಗೆ.

ಮೊದಲು ಈ ಎಂಜಿನ್ ಯಾಕೆ ಹುಟ್ಟಿತು ಎಂಬುದು ತಿಳಿದಿರಬೇಕು. ಉಗಿ ಎಂಜಿನ್ನಿಗೆ ಬೆಂಕಿ ಹಾಕಿ ಉಗಿ ಏರಿಸಲು ಗಂಟೆಗಟ್ಟಲೆ ಬೇಕು. ಒಮ್ಮೆ ಏರಿಸಿದ ಮೇಲೆ ಕೆಲಸವಿರಲಿ ಬಿಡಲಿ ಕಲ್ಲಿದ್ದಲು ಉರಿಯುತ್ತಲೇ ಇರಬೇಕು. ಶಂಟಿಂಗ್ ಕೆಲಸವೋ ಐದು ನಿಮಿಷ ದುಡಿಮೆ, ಅರ್ಧ ಗಂಟೆ ಕಾಯುವಿಕೆ. ಡೀಸೆಲ್ ಎಂಜಿನ್ನಾದರೆ ಬೇಕೆಂದಾಗ ಚಾಲೂ ಮಾಡಬಹುದು, ಬೇಡವೆಂದಾಗ ನಿಲ್ಲಿಸಬಹುದು. ಹೀಗಾಗಿ ಎಷ್ಟೋ ಕಡೆ ಡೀಸೆಲ್ ರೈಲ್ವೆಯ ಒಳಹೊಕ್ಕದ್ದೇ ಯಾರ್ಡಿನ ಬಾಗಿಲಿನಿಂದ. ನ್ಯೂಯಾರ್ಕ್ ನಗರದೊಳಗೆ ಹೊಗೆಯುಗುಳುವ ಎಂಜಿನ್ನುಗಳು ಬೇಡವೆಂದು 1923ರಲ್ಲಿ ಅಲ್ಲಿ ಕಾನೂನು ಬಂತು. 1925ರಲ್ಲಿ ಆಲ್ಕೊ, ಜನರಲ್ ಎಲೆಕ್ಟ್ರಿಕ್, ಇಂಗರ್‌ಸಾಲ್ ರ‍್ಯಾಂಡ್ ಎಂಬ ಮೂರು ಕಂಪನಿಗಳು ಸೇರಿ ಕಟ್ಟಿದ 300 ಅಶ್ವಶಕ್ತಿಯ ಡೀಸೆಲ್ ಎಲೆಕ್ಟ್ರಿಕ್ ಎಂಜಿನ್ ಒಂದನ್ನು ಸೆಂಟ್ರಲ್ ರೈಲ್‌ರೋಡ್ ಆಫ್ ನ್ಯೂಜೆರ್ಸಿ ಕೊಂಡುಕೊಂಡಿತು. 1000 ಎಂಬ ನಂಬರಿನ ಆ ಎಂಜಿನ್ ನ್ಯೂಯಾರ್ಕಿನ ಬ್ರಾಂಕ್ಸ್ ಯಾರ್ಡಿನಲ್ಲಿ 1957ರವರೆಗೂ ಸರಕು ಬಂಡಿಗಳನ್ನು ತಳ್ಳಿತು. ಈಗ ಬಾಲ್ಟಿಮೋರಿನ ರೈಲು ವಸ್ತುಸಂಗ್ರಹಾಲಯದಲ್ಲಿದೆ. ವ್ಯಾಪಾರದ ಮಟ್ಟದಲ್ಲಿ ಗೆದ್ದ ಮೊದಲ ಡೀಸೆಲ್ ಎಲೆಕ್ಟ್ರಿಕ್ ಎಂಜಿನ್ ಒಂದು ಶಂಟಿಂಗ್ ಎಂಜಿನ್ ಆಗಿತ್ತು ಎಂಬುದನ್ನು ರೈಲು ಪ್ರೇಮಿಗಳೂ ಎಷ್ಟೋ ಸಲ ಮರೆಯುತ್ತಾರೆ.

ನಮ್ಮ ದೇಶದಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1944–45ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಟ್ಟಿದ ಸಣ್ಣ ಡೀಸೆಲ್ ಎಂಜಿನ್ನುಗಳು ಇಲ್ಲಿಗೆ ಬಂದವು. ಮುಂದೆ ಅವುಗಳಿಗೆ ಡಬ್ಲ್ಯುಡಿಎಸ್-1 ಎಂಬ ಹೆಸರಾಯಿತು. ಈ ಅಕ್ಷರಗಳನ್ನು ಓದುವುದು ಕಲಿತರೆ ಅರ್ಧ ದಾರಿ ಸವೆದಂತೆ. ಮೊದಲ ಅಕ್ಷರ ಹಳಿಯ ಅಗಲವನ್ನು ಹೇಳುತ್ತದೆ: ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ವೈ ಎಂದರೆ ಮೀಟರ್‌ಗೇಜ್, ಝಡ್ ಮತ್ತು ಎನ್ ಎಂದರೆ ಇನ್ನೂ ಕಿರಿದಾದ ಹಳಿ. ಎರಡನೆಯ ಅಕ್ಷರ ಡಿ ಇದ್ದರೆ ಡೀಸೆಲ್. ಮೂರನೆಯದು ಎಸ್ ಇದ್ದರೆ ಶಂಟಿಂಗ್, ಎಂ ಇದ್ದರೆ ಪ್ರಯಾಣಿಕ ಗಾಡಿಗೂ ಸರಕು ಗಾಡಿಗೂ ಆಗುವಂಥದ್ದು. ಕೊನೆಯ ಅಂಕಿ ಆ ಬಗೆಯ ಸರಣಿ. ನಿಲ್ದಾಣದಲ್ಲಿ ನಿಂತು ಎಂಜಿನ್ನಿನ ಪಕ್ಕದಲ್ಲಿ ಬರೆದ ನಾಲ್ಕು ಅಕ್ಷರ ಓದಿ ಮಕ್ಕಳಿಗೂ ಇದನ್ನು ಹೇಳಿಕೊಡಬಹುದು.

ಯುದ್ಧ ಮುಗಿದ ಮೇಲೆ ಜರ್ಮನಿಯಿಂದ ಕ್ರೌಸ್-ಮಾಫೈ ಕಂಪನಿಯ ಎಂಜಿನ್ನುಗಳು ಬಂದವು, 1961ರಲ್ಲಿ ಕೀಲ್ ನಗರದ ಮಾಕ್ ಕಂಪನಿಯವು ಬಂದವು. ಇನ್ನೂ ಎಷ್ಟು ದಿನ ಹೊರಗಿನಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆಯಲ್ಲಿ. 1950ರಲ್ಲಿ ಉಗಿ ಎಂಜಿನ್ ಕಟ್ಟಲು ಶುರುಮಾಡಿದ ಆ ಕಾರ್ಖಾನೆ 1960ರ ದಶಕದ ಕೊನೆಗೆ ಡೀಸೆಲ್ ಶಂಟಿಂಗ್ ಎಂಜಿನ್ ಕಟ್ಟತೊಡಗಿತು. 1990ರ ದಶಕದ ನಡುವೆ ಈ ಕೆಲಸ ನಿಲ್ಲುವವರೆಗೆ ಅಲ್ಲಿಂದ ಹೊರಬಂದ ಡೀಸೆಲ್ ಎಂಜಿನ್ನುಗಳು 842. ಅವುಗಳಲ್ಲಿ ಹೆಸರಾದದ್ದು ಡಬ್ಲ್ಯುಡಿಎಸ್-4 ಕುಟುಂಬ. ಮೂರು ಜೋಡಿ ಚಕ್ರ, 600–700 ಅಶ್ವಶಕ್ತಿಯ ಮಾಕ್ ವಿನ್ಯಾಸದ ಎಂಜಿನ್, ಮತ್ತು ನೋಡಿದ ಕೂಡಲೇ ಗುರುತು ಹತ್ತುವ ಒಂದು ಲಕ್ಷಣ: ಉಗಿಬಂಡಿಗಿದ್ದಂತೆ ಚಕ್ರಗಳನ್ನು ಒಂದಕ್ಕೊಂದು ಕಟ್ಟಿದ ಉದ್ದನೆಯ ಕಬ್ಬಿಣದ ಸರಳುಗಳು. ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ಈ ಸರಳುಗಳು ಮೇಲೆ ಕೆಳಗೆ ಆಡುವುದನ್ನು ಒಮ್ಮೆ ನೋಡಿದವರು ಮರೆಯಲಾರರು.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಡೀಸೆಲ್ ಎಂಜಿನ್ನಿಗೆ ಹುಟ್ಟಿನಿಂದ ಒಂದು ಕೊರತೆ ಇದೆ. ನಿಂತಲ್ಲಿಂದ ನೇರವಾಗಿ ಭಾರ ಎಳೆಯಲು ಅದಕ್ಕೆ ಆಗದು. ಅದು ತಿರುಗುತ್ತಿರಬೇಕು, ಆ ತಿರುಗಾಟವನ್ನು ಚಕ್ರಕ್ಕೆ ಮೆಲ್ಲಗೆ ಒಪ್ಪಿಸಲು ನಡುವೆ ಏನಾದರೂ ಬೇಕು. ಒಂದು ದಾರಿ ವಿದ್ಯುತ್ತಿನದು: ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಅದರ ವಿದ್ಯುತ್ತು ಚಕ್ರದ ಮೋಟಾರನ್ನು ತಿರುಗಿಸುತ್ತದೆ. ಇನ್ನೊಂದು ಎಣ್ಣೆಯದು: ಅಲಗುಗಳಿರುವ ಒಂದು ಚಕ್ರ ಎಣ್ಣೆಯನ್ನು ಎರಚುತ್ತದೆ, ಆ ಎಣ್ಣೆಯ ರಭಸಕ್ಕೆ ಎದುರಿನ ಚಕ್ರ ತಿರುಗುತ್ತದೆ. ಹೊರಡುವಾಗ ಇದು ಬಹಳ ಬಲಶಾಲಿ. ಆದರೆ ವೇಗ ಹೆಚ್ಚಿದಂತೆ ಶಕ್ತಿಯ ಒಂದು ಪಾಲು ಎಣ್ಣೆ ಕಾಯುವುದರಲ್ಲೇ ಹೋಗುತ್ತದೆ. ರೈಲ್ವೆಯ ಇಂಜಿನಿಯರ್ ಆಗಿದ್ದ ಮನಮೋಹನ್ ಸೂರಿ ಎಣ್ಣೆಯ ದಾರಿಯನ್ನೂ ನೇರ ಜೋಡಣೆಯನ್ನೂ ಕೂಡಿಸುವ ಉಪಾಯ ಕಂಡುಹಿಡಿದರು: ಹೊರಡುವಾಗ ಎಣ್ಣೆಯ ಕೆಲಸ, ನಿಗದಿತ ವೇಗ ಬಂದ ಮೇಲೆ ಎಣ್ಣೆಯನ್ನು ಬದಿಗಿಟ್ಟು ನೇರ ಜೋಡಣೆ. ಇದೇ ಸೂರಿ ಟ್ರಾನ್ಸ್‌ಮಿಷನ್. ಡಬ್ಲ್ಯುಡಿಎಸ್-4 ಎಂಜಿನ್ನಿನ ಹೊಟ್ಟೆಯಲ್ಲಿ ಇದ್ದದ್ದು ಅದು. ಸೂರಿಯವರಿಗೆ 1962ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. ಮುಂದೆ ಅವರು ದುರ್ಗಾಪುರದ ಕೇಂದ್ರೀಯ ಯಂತ್ರಶಾಸ್ತ್ರ ಸಂಶೋಧನಾಲಯದ ನಿರ್ದೇಶಕರಾಗಿದ್ದಾಗ ಅಲ್ಲಿ ರೂಪುಗೊಂಡದ್ದೇ ಸ್ವರಾಜ್ ಟ್ರ್ಯಾಕ್ಟರ್. ಗದ್ದೆಯ ಟ್ರ್ಯಾಕ್ಟರಿನ ಹಿಂದೆಯೂ ಯಾರ್ಡಿನ ಎಂಜಿನ್ನಿನ ಹಿಂದೆಯೂ ಒಬ್ಬರೇ ವ್ಯಕ್ತಿ ಇದ್ದರೆಂಬುದು ನಮ್ಮ ಶಾಲಾ ಪುಸ್ತಕಗಳಲ್ಲಿ ಬರಬೇಕಾದ ಸಂಗತಿ.

ವಿದ್ಯುತ್ತಿನ ದಾರಿ ಹಿಡಿದದ್ದು ವಾರಾಣಸಿಯ ಡೀಸೆಲ್ ಕಾರ್ಖಾನೆ. 1970ರ ದಶಕದ ನಡುವಿನಿಂದ ಅಲ್ಲಿ ಕಟ್ಟಿದ ಡಬ್ಲ್ಯುಡಿಎಸ್-6 ಎಂಜಿನ್ನುಗಳಿಗೆ ಆಲ್ಕೊ ವಿನ್ಯಾಸದ ಆರು ಸಿಲಿಂಡರಿನ 251 ಮಾದರಿಯ ಎಂಜಿನ್ ಇತ್ತು, ಆರು ಜೋಡಿ ಚಕ್ರಗಳಿದ್ದವು. ಉಕ್ಕಿನ ಕಾರ್ಖಾನೆ, ವಿದ್ಯುತ್ ಸ್ಥಾವರಗಳೂ ಇವನ್ನು ಕೊಂಡುಕೊಂಡವು. ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮೀಟರ್‌ಗೇಜಿನ ವೈಡಿಎಂ-4 ಎಂಜಿನ್ನಿನ ಒಳಗೂ ಇದ್ದದ್ದು ಇದೇ ಆರು ಸಿಲಿಂಡರಿನ 251. ಮೀಟರ್‌ಗೇಜ್ ಕಾಲದ ಹುಬ್ಬಳ್ಳಿ ಕಡೆಯ ಗಾಡಿಗಳ ಎದುರು ಆ ಎಂಜಿನ್ನು ಗುಡುಗುತ್ತಿದ್ದುದನ್ನು ಕೇಳಿದವರು ಶಂಟಿಂಗ್ ಎಂಜಿನ್ನಿನ ಸದ್ದನ್ನೂ ಕೇಳಿದಂತೆಯೇ. ಆಲ್ಕೊ ಕಂಪನಿ ಅಮೆರಿಕದಲ್ಲಿ 1969ರಲ್ಲೇ ಎಂಜಿನ್ ಕಟ್ಟುವುದನ್ನು ನಿಲ್ಲಿಸಿತು. ಅದರ ವಂಶ ಮುಂದುವರಿದದ್ದು ವಾರಾಣಸಿಯಲ್ಲಿ.

ಕರ್ನಾಟಕದ ಪಾಲು ಎಲ್ಲಿದೆ ಎಂದು ಕೇಳಿದರೆ ಬೆಂಗಳೂರಿನ ಸ್ಯಾನ್ ಕಂಪನಿಯ ಹೆಸರು ಹೇಳಬೇಕು. ಸೂರಿ ಅಂಡ್ ನಾಯರ್ ಎಂಬ ಹೆಸರಿನ ಮೊದಲಕ್ಷರಗಳಿಂದ ಬಂದದ್ದು ಸ್ಯಾನ್. ಕಾರ್ಖಾನೆಗಳ ಒಳಗೆ ಓಡುವ ಸಣ್ಣ ಡೀಸೆಲ್ ಎಂಜಿನ್ನುಗಳನ್ನು ಕಟ್ಟಿದ ಸಂಸ್ಥೆ ಅದು. ಡಾರ್ಜಿಲಿಂಗ್ ಬೆಟ್ಟದ ಎರಡಡಿ ಹಳಿಯ ಮೇಲೆ ಉಗಿ ಎಂಜಿನ್ನುಗಳ ಜತೆ ದುಡಿಯುವ ಎನ್‌ಡಿಎಂ-6 ಡೀಸೆಲ್ ಎಂಜಿನ್ನುಗಳು ಬೆಂಗಳೂರಿನ ಈ ಕಂಪನಿಯವೇ. ಡಾರ್ಜಿಲಿಂಗಿನ ಚಿತ್ರ ಹಿಡಿದು ತರುವ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಈಗ ಹುಡುಕಾಟದ ವಿಷಯಕ್ಕೆ ಬರೋಣ. ಒಂದು ಗೋದಾಮಿನ ಹಿಂದೆ, ಹುಲ್ಲು ಬೆಳೆದ ಸೈಡಿಂಗಿನಲ್ಲಿ, ತುಕ್ಕು ಹಿಡಿದ ಶಂಟಿಂಗ್ ಎಂಜಿನ್ ನಿಂತಿದೆ ಎಂದುಕೊಳ್ಳಿ. ಅನುಮತಿ ಪಡೆದು ಹತ್ತಿರ ಹೋದಿರಿ. ಮೊದಲು ನೋಡಬೇಕಾದದ್ದು ತಯಾರಕರ ತಗಡು. ಕ್ಯಾಬಿನ ಪಕ್ಕಕ್ಕೋ ಎಂಜಿನ್ ಮುಚ್ಚಳದ ಕೆಳಗೋ ಅಂಗೈಯಗಲದ ಲೋಹದ ಫಲಕ, ಅದರಲ್ಲಿ ಕಾರ್ಖಾನೆಯ ಹೆಸರು, ಕ್ರಮಸಂಖ್ಯೆ, ವರ್ಷ. ಆ ಕ್ರಮಸಂಖ್ಯೆ ಎಂಜಿನ್ನಿನ ಜನನ ಪತ್ರ. ರೈಲ್ವೆಯ ಎಂಜಿನ್ನಾದರೆ ಕ್ಯಾಬಿನ ಮೇಲೆ ಐದಂಕಿಯ ನಂಬರೂ ಇರುತ್ತದೆ. ಡಬ್ಲ್ಯುಡಿಎಸ್-4 ಆದರೆ ಸಾಮಾನ್ಯವಾಗಿ 19ರಿಂದ, ಡಬ್ಲ್ಯುಡಿಎಸ್-6 ಆದರೆ 36ರಿಂದ ಅದು ಶುರುವಾಗುತ್ತದೆ. ಕಾರ್ಖಾನೆಯದೋ ಬಂದರಿನದೋ ಸ್ವಂತ ಎಂಜಿನ್ನಾದರೆ ಈ ನಂಬರು ಇರುವುದಿಲ್ಲ; ಮಾಲೀಕರು ಒಂದು, ಎರಡು, ಮೂರು ಎಂದು ತಮ್ಮದೇ ಎಣಿಕೆ ಹಾಕಿಕೊಂಡಿರುತ್ತಾರೆ. ಅಂಥ ಎಂಜಿನ್ನಿಗೆ ತಗಡಿನ ಮೇಲಿನ ಕ್ರಮಸಂಖ್ಯೆಯೇ ಗತಿ.

ಬಣ್ಣವನ್ನೂ ಓದಬೇಕು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಕ್ಯಾಬಿನ ಗೋಡೆಯನ್ನು ಪಕ್ಕದಿಂದ ನೋಡಿದರೆ ಮೇಲಿನ ಬಣ್ಣದ ಅಡಿಯಲ್ಲಿ ಹಳೆಯ ಅಕ್ಷರಗಳ ಅಂಚು ಉಬ್ಬಿ ಕಾಣುತ್ತದೆ: ಹಿಂದಿನ ಶೆಡ್ಡಿನ ಹೆಸರು, ಅಳಿಸಿದ ನಂಬರು, ಕೆಲವೊಮ್ಮೆ ಬೇರೆ ಮಾಲೀಕರ ಗುರುತು. ಕೆಳಗಡೆ ದೊಡ್ಡ ರಿಪೇರಿಯ, ಅಂದರೆ ಪಿಓಎಚ್ ಆದ ವರ್ಕ್‌ಶಾಪಿನ ಗುರುತು, ತಾರೀಕು ಬರೆದಿರುತ್ತಾರೆ. ಕೊನೆಯ ಪಿಓಎಚ್ ತಾರೀಕು ಸಿಕ್ಕಿದರೆ ಎಂಜಿನ್ ಎಲ್ಲಿಯವರೆಗೆ ದುಡಿದಿತ್ತೆಂದು ಅಂದಾಜು ಮಾಡಬಹುದು. ಫೋಟೊ ತೆಗೆಯುವಾಗ ಇಡೀ ಎಂಜಿನ್ನಿನ ಅಂದದ ಚಿತ್ರ ಒಂದು ಸಾಕು. ಉಳಿದ ಎಲ್ಲವೂ ತಗಡು, ನಂಬರು, ತಾರೀಕುಗಳ ಹತ್ತಿರದ ಚಿತ್ರಗಳಾಗಲಿ.

ಆದರೆ ಎಂಜಿನ್ನಿನ ಮೈ ಪೂರ್ತಿ ಸತ್ಯ ಹೇಳುತ್ತದೆ ಎಂದು ನಂಬಬಾರದು. ವರ್ಕ್‌ಶಾಪಿನಲ್ಲಿ ಡೀಸೆಲ್ ಎಂಜಿನ್ ಒಂದು ಗಾಡಿಯಿಂದ ಇನ್ನೊಂದಕ್ಕೆ ಹೋಗುತ್ತದೆ, ಟ್ರಾನ್ಸ್‌ಮಿಷನ್ ಬದಲಾಗುತ್ತದೆ, ಚಕ್ರಗಳು ಬದಲಾಗುತ್ತವೆ. ಡೀಸೆಲ್ ಎಂಜಿನ್ನಿನ ಮೇಲೆ ಕೊರೆದ ವರ್ಷವನ್ನು ಇಡೀ ಗಾಡಿಯ ವರ್ಷವೆಂದು ಬರೆದುಬಿಟ್ಟರೆ ಚರಿತ್ರೆ ಹತ್ತಿಪ್ಪತ್ತು ವರ್ಷ ತಪ್ಪಬಹುದು. ಹೆಸರೂ ಬದಲಾಗುತ್ತದೆ. 1961ರಲ್ಲಿ ಜರ್ಮನಿಯಿಂದ ಬಂದ ಮಾಕ್ ಎಂಜಿನ್ನುಗಳು ಡಬ್ಲ್ಯುಡಿಎಸ್-3 ಎನಿಸಿಕೊಂಡಿದ್ದವು. ಆಮೇಲೆ ಮಾರ್ಪಡಿಸಿ ಅವನ್ನೇ ಡಬ್ಲ್ಯುಡಿಎಸ್-4ಸಿ ಎಂದು ಕರೆದರು. ಇದು ಗೊತ್ತಿಲ್ಲದೆ ಎರಡೂ ಪಟ್ಟಿ ಕೂಡಿಸಿದವರ ಲೆಕ್ಕದಲ್ಲಿ ಒಂದೇ ಎಂಜಿನ್ ಎರಡು ಸಲ ಹುಟ್ಟುತ್ತದೆ. ಇದಕ್ಕೆ ರೂಢಿಯ ಪರಿಹಾರ ಒಂದುಂಟು: ಗಾಡಿಯ ಅಡಿಚೌಕಟ್ಟು ಮತ್ತು ಅದಕ್ಕೆ ಕೊಟ್ಟ ನಂಬರನ್ನೇ ಅದರ ಗುರುತೆಂದು ಹಿಡಿದು, ಉಳಿದ ಬಿಡಿಭಾಗಗಳ ವರ್ಷಗಳನ್ನು ಬೇರೆಯಾಗಿ ಬರೆದಿಡುವುದು.

ಎರಡನೆಯ ಸಾಕ್ಷಿ ಕಡತ. ಪ್ರತಿ ಎಂಜಿನ್ನಿಗೂ ಶೆಡ್ಡಿನಲ್ಲಿ ಒಂದು ಇತಿಹಾಸ ಪುಸ್ತಕ ಇಡುತ್ತಾರೆ. ರಿಪೇರಿ, ಅಪಘಾತ, ವರ್ಗಾವಣೆ ಎಲ್ಲ ಅದರಲ್ಲಿ ಬರುತ್ತವೆ. ಕೊನೆಗೆ ಎಂಜಿನ್ನನ್ನು ಕಂಡೆಮ್ ಮಾಡಿದ, ಅಂದರೆ ಕೆಲಸಕ್ಕೆ ಬಾರದೆಂದು ತೀರ್ಮಾನಿಸಿದ ಆದೇಶ, ಹರಾಜಿನ ಪಟ್ಟಿ. ಇವುಗಳ ತೊಂದರೆ ಏನೆಂದರೆ ಕಡತ ಎಂಜಿನ್ನಿನ ಮನೆಯನ್ನು ಹೇಳುತ್ತದೆ, ಕೆಲಸದ ಜಾಗವನ್ನು ಹೇಳುವುದು ಕಡಿಮೆ. ದೂರದ ಶೆಡ್ಡಿನ ಹೆಸರು ಬರೆದುಕೊಂಡ ಎಂಜಿನ್ ವರ್ಷಗಟ್ಟಲೆ ಇನ್ನೆಲ್ಲೋ ಯಾರ್ಡಿನಲ್ಲಿ ದುಡಿಯುತ್ತದೆ. ರಿಪೇರಿಗೆ ಮಾತ್ರ ಮನೆಗೆ ಹೋಗಿ ಬರುತ್ತದೆ.

ನಮ್ಮ ಕರಾವಳಿಯಲ್ಲಿ ಇದು ಇನ್ನಷ್ಟು ಗೋಜಲು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಕೇರಳದ ಕಡೆಯಿಂದ. ಆ ಮಾರ್ಗ ಇವತ್ತು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು. ಹಾಸನದಿಂದ ಘಟ್ಟ ಇಳಿದು ಬರುವ ಮಾರ್ಗ 1979ರಲ್ಲಿ ಮೀಟರ್‌ಗೇಜ್ ಆಗಿ ತೆರೆಯಿತು, ಮುಂದೆ ಬ್ರಾಡ್‌ಗೇಜ್ ಆಯಿತು. ಅದು ಈಗ 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ಹುಟ್ಟಿದ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದೆ. ತೋಕೂರಿನಿಂದ ಉತ್ತರಕ್ಕೆ, ಬಾರ್ಕೂರು ಕುಂದಾಪುರಗಳ ಮೂಲಕ ಹೋಗುವುದು ಕೊಂಕಣ ರೈಲ್ವೆ; ಅದರ ಕಚೇರಿ ನವಿ ಮುಂಬೈಯಲ್ಲಿ. ಇನ್ನು ಬಂದರಿನ ಕಡತ ಪಣಂಬೂರಿನಲ್ಲಿ. ಒಂದೇ ಊರಿನ ಯಾರ್ಡಿನ ಕಥೆಗೆ ಪಾಲಕ್ಕಾಡು, ಮೈಸೂರು, ನವಿ ಮುಂಬೈ, ಪಣಂಬೂರು ನಾಲ್ಕೂ ಕಡೆ ಬಾಗಿಲು ತಟ್ಟಬೇಕು. ಎರಡು ಅಳತೆಯ ಹಳಿಗಳಿದ್ದ ಕಾಲದಲ್ಲಿ ಘಟ್ಟದ ಗಾಡಿಯ ಸರಕನ್ನು ಕೇರಳದ ಗಾಡಿಗೆ ಹಾಕಬೇಕಾದರೆ ಇಳಿಸಿ ಮತ್ತೆ ಏರಿಸಬೇಕಿತ್ತು. ಶಂಟಿಂಗ್ ಕೆಲಸ ಆಗ ಇಮ್ಮಡಿ. ಆ ದಿನಗಳ ಕೆಲಸವನ್ನು ವಿವರವಾಗಿ ಬರೆದ ಒಂದು ಕನ್ನಡ ಪುಸ್ತಕವಿದ್ದರೆ ಎಷ್ಟು ಚೆನ್ನಾಗಿತ್ತು.

ಬಾಗಿಲು ತಟ್ಟುವ ದಾರಿ ಸಾಮಾನ್ಯರಿಗೂ ತೆರೆದಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಆದರೆ ‘ನಿಮ್ಮಲ್ಲಿದ್ದ ಶಂಟಿಂಗ್ ಎಂಜಿನ್ನುಗಳ ಇತಿಹಾಸ ಕೊಡಿ’ ಎಂದು ಬರೆದರೆ ಏನೂ ಸಿಗದು. ಯಾವ ನಂಬರಿನ ಎಂಜಿನ್, ಯಾವ ವರ್ಷದಿಂದ ಯಾವ ವರ್ಷದವರೆಗಿನ ಕಡತ, ಕಂಡೆಮ್ ಆದೇಶದ ಪ್ರತಿಯೋ ವರ್ಗಾವಣೆಯ ಪತ್ರವೋ ಎಂದು ಗುರಿಯಿಟ್ಟು ಕೇಳಬೇಕು. ಅದಕ್ಕೇ ಮೊದಲು ಎಂಜಿನ್ನಿನ ಮೈ ಓದಬೇಕು, ಆಮೇಲೆ ಕಚೇರಿಗೆ ಹೋಗಬೇಕು ಎನ್ನುವುದು.

ಮೂರನೆಯ ಸಾಕ್ಷಿ ಮನುಷ್ಯರು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಅಮೂಲ್ಯ, ಮತ್ತು ಎಲ್ಲಕ್ಕಿಂತ ಬೇಗ ಕೈತಪ್ಪುವಂಥದ್ದು. ನಮ್ಮ ಹಂಗಾರಕಟ್ಟೆ, ಕೋಡಿ, ಸಾಸ್ತಾನ, ಕುಂದಾಪುರದ ಕಡೆಯಿಂದ ಮುಂಬೈಗೆ ಹೋದವರೆಲ್ಲ ಹೋಟೆಲಿಗೇ ಹೋದದ್ದಲ್ಲ. ಗೋದಿಯಲ್ಲಿ, ಅಂದರೆ ಬಂದರಿನ ಧಕ್ಕೆಯಲ್ಲಿ, ಮತ್ತು ರೈಲ್ವೆಯಲ್ಲಿ ದುಡಿದವರೂ ಇದ್ದಾರೆ. ಮುಂಬೈ ಬಂದರಿಗೆ 1915ರಿಂದಲೇ ತನ್ನದೇ ರೈಲ್ವೆ ಇತ್ತು. ಪಣಂಬೂರಿನಲ್ಲಿ, ಮಂಗಳೂರಿನ ಗೂಡ್ಸ್ ಶೆಡ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು ನಮ್ಮ ಓಣಿಗಳಲ್ಲೇ ಸಿಗಬಹುದು. ಯಾರ್ಡಿನಲ್ಲಿ ಎಂಜಿನ್ ಓಡಿಸುವ ಹುದ್ದೆಗೆ ಶಂಟರ್ ಎಂದು ಹೆಸರಿತ್ತು. ಅವರ ಜತೆ ನೆಲದ ಮೇಲೆ ಪಾಯಿಂಟ್ಸ್‌ಮನ್. ಹಗಲಿಗೆ ಹಸಿರು ಕೆಂಪು ಬಾವುಟ, ರಾತ್ರಿಗೆ ಕೈದೀಪ. ಹಸಿರು ಬಾವುಟ ಮೇಲೆ ಕೆಳಗೆ ಮೆಲ್ಲಗೆ ಆಡಿದರೆ ನನ್ನಿಂದ ದೂರ ಹೋಗು ಎಂದು; ಎದೆಯ ಮುಂದೆ ಅಡ್ಡಕ್ಕೆ ಆಡಿದರೆ ನನ್ನ ಕಡೆ ಬಾ ಎಂದು. ಮಳೆಗಾಲದ ರಾತ್ರಿ, ಎರಡು ವ್ಯಾಗನ್ನುಗಳ ನಡುವೆ ನಿಂತು ಕಪ್ಲಿಂಗ್ ಎತ್ತಿ ಹಾಕುವಾಗ ಆ ಕೈದೀಪದ ಆಟವೇ ಜೀವ ಉಳಿಸಬೇಕು. ಈ ಕೆಲಸದ ಅಪಾಯವನ್ನೂ ಕುಶಲತೆಯನ್ನೂ ಯಾವ ಇತಿಹಾಸ ಪುಸ್ತಕವೂ ಬರೆದಿಡಲಿಲ್ಲ. ಮಾಡಿದವರು ಹೇಳಿದರೆ ಮಾತ್ರ ಉಂಟು.

ಹಿರಿಯರ ನೆನಪಿನಲ್ಲಿ ತಾರೀಕು ನಿಲ್ಲುವುದಿಲ್ಲ, ಘಟನೆ ನಿಲ್ಲುತ್ತದೆ. ‘ಆ ಎಂಜಿನ್ ಯಾವಾಗ ಬಂತು ಮಾರಾಯ್ರೆ?’ ಎಂದರೆ ‘ಸುಮಾರು ವರ್ಷ ಆಯ್ತು’ ಎಂಬ ಉತ್ತರ ಬರುತ್ತದೆ. ಅದನ್ನೇ ‘ಇಂದಿರಾ ಗಾಂಧಿ ಬಂದರಿಗೆ ಬಂದ ಮೊದಲೋ ಆಮೇಲೋ?’, ‘ಹಾಸನ ಲೈನು ಬ್ರಾಡ್‌ಗೇಜ್ ಮಾಡಲು ಗಾಡಿ ನಿಲ್ಲಿಸಿದಾಗ ಅದು ಇತ್ತೇ?’, ‘ಉಡುಪಿಗೆ ಮೊದಲ ರೈಲು ಹೋದ ದಿನ ನೀವು ಯಾವ ಎಂಜಿನ್ನಿನಲ್ಲಿದ್ದಿರಿ?’ ಎಂದು ಕೇಳಿದರೆ ಉತ್ತರ ಖಚಿತವಾಗುತ್ತದೆ. ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ ತಾಳೆ ನೋಡಬೇಕು. ಒಟ್ಟಿಗೆ ಕೂರಿಸಿದರೆ ಜೋರು ಮಾತಿನವರ ನೆನಪೇ ಇಬ್ಬರದೂ ಆಗಿಬಿಡುತ್ತದೆ.

ಮನೆಯ ಗೋಡೆಗಳನ್ನೂ ನೋಡಬೇಕು. ರೈಲ್ವೆಯಲ್ಲಿ ಡ್ರೈವರ್ ನಿವೃತ್ತರಾಗುವ ದಿನ ಎಂಜಿನ್ನಿಗೆ ಹೂವಿನ ಮಾಲೆ ಹಾಕಿ, ಅವರಿಗೂ ಮಾಲೆ ಹಾಕಿ, ಎದುರು ನಿಲ್ಲಿಸಿ ಫೋಟೊ ತೆಗೆಯುವ ಪದ್ಧತಿಯಿದೆ. ಮನೆಯವರಿಗೆ ಅದು ಅಪ್ಪನ ಬೀಳ್ಕೊಡುಗೆಯ ನೆನಪು. ಹುಡುಕಾಟದಲ್ಲಿರುವವರಿಗೆ ಇದಕ್ಕಿಂತ ಗಟ್ಟಿ ದಾಖಲೆ ಇನ್ನೊಂದಿಲ್ಲ: ಹಿಂದೆ ನಿಂತ ಎಂಜಿನ್ನಿನ ನಂಬರು ಮಾಲೆಯ ಸಂದಿಯಲ್ಲಿ ಕಾಣುತ್ತದೆ, ಶೆಡ್ಡಿನ ಹೆಸರು ಕಾಣುತ್ತದೆ, ನಿವೃತ್ತಿಯ ತಾರೀಕು ಪಿಂಚಣಿ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಯಾವ ಎಂಜಿನ್ ಯಾವ ದಿನ ಯಾವ ಯಾರ್ಡಿನಲ್ಲಿತ್ತು ಎಂಬ ಮೂರೂ ಪ್ರಶ್ನೆಗಳಿಗೆ ಒಂದೇ ಚಿತ್ರದಲ್ಲಿ ಉತ್ತರ. ಕಡತ ಹೇಳದ ಕೆಲಸದ ಜಾಗವನ್ನು ಈ ಚಿತ್ರ ಹೇಳುತ್ತದೆ. ಮನೆ ಹೊಸದು ಮಾಡುವಾಗ ಇಂಥ ಚಿತ್ರಗಳು ಅಟ್ಟಕ್ಕೆ ಹೋಗಿ, ಅಟ್ಟದಿಂದ ಗುಜರಿಯವನ ಚೀಲಕ್ಕೆ ಹೋಗುತ್ತಿವೆ.

ಇಷ್ಟು ಅವಸರ ಯಾಕೆಂದು ಕೇಳುವವರಿಗೆ ಕಾರಣ ಹೇಳಬೇಕು. ಶಂಟಿಂಗ್ ಕೆಲಸವೇ ಕಡಿಮೆಯಾಗುತ್ತಿದೆ. ಹಿಂದೆ ವ್ಯಾಪಾರಿಗಳು ಒಂದೆರಡು ವ್ಯಾಗನ್ ಸರಕನ್ನೂ ಬುಕ್ ಮಾಡುತ್ತಿದ್ದರು. ಯಾರ್ಡಿನಲ್ಲಿ ಅವನ್ನು ಊರುವಾರು ಬಿಡಿಸಿ ಕೂಡಿಸಬೇಕಿತ್ತು. 1980ರ ದಶಕದಿಂದ ರೈಲ್ವೆ ಇಡೀ ರೇಕನ್ನೇ, ಅಂದರೆ ವ್ಯಾಗನ್ನುಗಳ ಪೂರ್ಣ ಸಾಲನ್ನೇ, ಒಂದು ಊರಿನಿಂದ ಇನ್ನೊಂದು ಊರಿಗೆ ಬಿಡಿಸದೆ ಒಯ್ಯುವ ಕಡೆಗೆ ಹೊರಳಿತು. ಎಷ್ಟೋ ಕಡೆ ಲೋಡ್ ಆಗುವವರೆಗೆ ದೊಡ್ಡ ಎಂಜಿನ್ನೇ ಕಾದು ನಿಲ್ಲುತ್ತದೆ. ಕೊಂಕಣ ರೈಲ್ವೆಯ ಮಾರ್ಗ 2022ರಲ್ಲಿ ಪೂರ್ತಿ ವಿದ್ಯುದೀಕರಣವಾಯಿತು. ಕ್ರೇನು, ಲೋಡರು ಆಡುವ ಜಾಗದಲ್ಲಿ ತಲೆಯ ಮೇಲೆ ತಂತಿ ಎಳೆಯಲಾಗದ್ದರಿಂದ ಬಂದರು, ಕಾರ್ಖಾನೆಗಳಲ್ಲಿ ಡೀಸೆಲ್ಲಿಗೆ ಇನ್ನೂ ಸ್ವಲ್ಪ ಜಾಗ ಉಳಿದಿದೆ. ಅಲ್ಲಿಯೂ ಹಳೆಯ ಎಂಜಿನ್ನುಗಳು ಹೋಗಿ ಹೊಸವು ಬರುತ್ತಿವೆ.

ಇಂಥ ದಾಖಲೆಯ ಕೆಲಸ ಬೇರೆ ಕಡೆ ಆಗಿದೆ. ಬ್ರಿಟನ್ನಿನಲ್ಲಿ 1952ರಿಂದ 1962ರವರೆಗೆ ಕಟ್ಟಿದ ಕ್ಲಾಸ್ 08 ಎಂಬ ಡೀಸೆಲ್ ಶಂಟಿಂಗ್ ಎಂಜಿನ್ನುಗಳು 996. ಅವುಗಳು ಯಾವ ವರ್ಷ ಯಾವ ಶೆಡ್ಡಿನಲ್ಲಿದ್ದವು, ಎಂದು ಗುಜರಿಯಾದವು ಎಂಬುದನ್ನು ಅಲ್ಲಿನ ರೈಲು ಆಸಕ್ತರು ನಂಬರು ನಂಬರಿಗೆ ಬರೆದಿಟ್ಟಿದ್ದಾರೆ. ಬರೆದವರಲ್ಲಿ ಎಷ್ಟೋ ಮಂದಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನೋಟ್‌ಬುಕ್ ಹಿಡಿದು ನಿಂತ ಶಾಲಾ ಹುಡುಗರು. ಚಿತ್ತರಂಜನ್ ಕಟ್ಟಿದ ಡೀಸೆಲ್ ಎಂಜಿನ್ನುಗಳ ಎಣಿಕೆ ಅದಕ್ಕಿಂತ ಕಡಿಮೆ. ಮಾಡಲಾಗದ ಕೆಲಸವೇನೂ ಅಲ್ಲ.

ಸರಕಾರ, ರೈಲ್ವೆಗಳಿಂದ ಆಗಬೇಕಾದದ್ದು ಒಂದಿದೆ, ಅದಕ್ಕೆ ಹೆಚ್ಚು ಹಣವೂ ಬೇಡ. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ 1977ರಲ್ಲಿ ತೆರೆಯಿತು, ಮೈಸೂರಿನದು 1979ರಲ್ಲಿ, ಹುಬ್ಬಳ್ಳಿಯದು 2020ರಲ್ಲಿ. ನೋಡಲು ಹೋದವರ ಕಣ್ಣು ಅಲ್ಲಿ ಉಗಿಬಂಡಿಗಳ ಮೇಲೂ ಅರಸರ ಸಲೂನುಗಳ ಮೇಲೂ ನಿಲ್ಲುವುದು ಸಹಜ. ಪ್ರತಿ ಶಂಟಿಂಗ್ ಎಂಜಿನ್ನನ್ನೂ ತಂದು ನಿಲ್ಲಿಸಿ ಎಂದು ಯಾರೂ ಕೇಳುತ್ತಿಲ್ಲ. ರೈಲ್ವೆಯಾಗಲಿ ಬಂದರಾಗಲಿ ಸಾರ್ವಜನಿಕ ಕಾರ್ಖಾನೆಯಾಗಲಿ, ಹಳೆಯ ಎಂಜಿನ್ ಒಂದನ್ನು ಹರಾಜಿಗೆ ಹಾಕುವ ಮುಂಚೆ ಮೂರು ವಸ್ತುಗಳನ್ನು ತೆಗೆದಿಡಬೇಕೆಂಬ ನಿಯಮ ಮಾಡಿದರೆ ಸಾಕು: ತಯಾರಕರ ತಗಡು, ಶೆಡ್ಡಿನ ಇತಿಹಾಸ ಪುಸ್ತಕ, ನಾಲ್ಕೂ ಬದಿಯಿಂದ ತೆಗೆದ ಚಿತ್ರಗಳು. ಗುಜರಿಯವನಿಗೆ ಕಬ್ಬಿಣ ಬೇಕು, ತಗಡು ಬೇಡ. ಹರಾಜಿನ ಬೆಲೆ ಇಳಿಯದು. ಕರ್ನಾಟಕದ ಮಟ್ಟಿಗೆ ಇವುಗಳನ್ನು ಹುಬ್ಬಳ್ಳಿಯಲ್ಲಿ ಇಡಬಹುದು, ಕರಾವಳಿಯವುಗಳ ಪ್ರತಿಯೊಂದು ಮಂಗಳೂರಿನ ಯಾವುದಾದರೂ ಕಾಲೇಜು ಗ್ರಂಥಾಲಯದಲ್ಲಿದ್ದರೆ ಇನ್ನೂ ಒಳ್ಳೆಯದು.

ಉಳಿದದ್ದು ನಮ್ಮ ಕೈಯಲ್ಲಿದೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ರೈಲ್ವೆ, ಬಂದರಿನಲ್ಲಿ ದುಡಿದ ಹಿರಿಯರಿದ್ದರೆ ಈ ರಜೆಯಲ್ಲಿ ಹೋಗಿ ಮಾತಾಡಿಸಿ. ಯಾವ ಯಾರ್ಡು, ಎಂಜಿನ್ನಿನ ನಂಬರು ನೆನಪಿದೆಯೇ, ಚಕ್ರದ ಪಕ್ಕದಲ್ಲಿ ಸರಳು ಆಡುತ್ತಿತ್ತೇ ಇಲ್ಲವೇ, ನಿಮ್ಮ ಬ್ಯಾಚಿನಲ್ಲಿ ಇನ್ನು ಯಾರಿದ್ದಾರೆ ಎಂದು ಕೇಳಿ, ಮೊಬೈಲಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ. ಬೀಳ್ಕೊಡುಗೆಯ ಫೋಟೊ ಇದ್ದರೆ ಚೌಕಟ್ಟಿನಿಂದ ತೆಗೆಸಿ ಸ್ಕ್ಯಾನ್ ಮಾಡಿಸಿ. ಹಿಂಬದಿಯಲ್ಲಿ ಊರು, ತಾರೀಕು, ನಿಂತವರ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದು ವಾಪಸ್ಸು ಗೋಡೆಗೆ ಹಾಕಿ.